ವಾಪಸ್ ಬರುವ ಔಷಧಿಗಳ ಕಿಟಕಿಯಿಂದ

ಮಾನ್ಯ ಆರೋಗ್ಯ ನಿರ್ದೇಶಕರೇ,

ನಮ್ಮ ಆಸ್ಪತ್ರೆಯ ಔಷಧಿ ಕೌಂಟರಿನ ಕಿಟಕಿಯನ್ನು ಹಿರಿಯ ಫಾರ್ಮಸಿಸ್ಟ್ ಒಬ್ಬಳು ಸ್ವಲ್ಪ ಹೊತ್ತು ಮುಚ್ಚಿದ್ದಕ್ಕೆ ಕಾರಣ ಕೇಳಿ ನೋಟಿಸ್ ಕಳಿಸಿದ್ದೀರಿ. ಉತ್ತರ ಬರೆಯುವ ಸ್ಥಿತಿಯಲ್ಲಿ ಅವಳಿಲ್ಲ. ಹಾಗಾಗಿ ಪಕ್ಕದ ಕುರ್ಚಿಯವಳಾದ ನಾನು ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಏಕೆ ಬರೆದೆ ಎನ್ನುತ್ತೀರಾ? ಹಿಂದೆ ಲಕೋಟೆಯಲ್ಲಿ ಕಳಿಸಿದ ನಮ್ಮ ಮನವಿಗಳು ನಿಮ್ಮ ಕಚೇರಿಯ ಯಾವ ಮೂಲೆ ಸೇರಿದವೋ ದೇವರೇ ಬಲ್ಲ.

ಫಾರ್ಮಸಿಸ್ಟ್ ಎಂದರೆ ಚೀಟಿ ನೋಡಿ ಮಾತ್ರೆ ಕೊಡುವವರು ಎಂದು ತಾವು ತಿಳಿದಿರಬಹುದು. ಅದು ಅರ್ಧ ನಿಜ. ಈ ಸಾಂಕ್ರಾಮಿಕದಲ್ಲಿ ನಮ್ಮ ಉಳಿದರ್ಧ ಕೆಲಸ, ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವುದು. ವಾರ್ಡಿನಲ್ಲಿ ರೋಗಿ ತೀರಿಕೊಂಡರೆ ಮಿಕ್ಕ ಇಂಜೆಕ್ಷನ್ನುಗಳನ್ನು ಮನೆಯವರು ನಮ್ಮ ಕಿಟಕಿಗೆ ತರುತ್ತಾರೆ. ಸೀಲ್ ನೋಡಬೇಕು, ಬ್ಯಾಚ್ ನಂಬರ್ ನೋಡಬೇಕು, ಆಮೇಲೆ ನಿಮ್ಮದೇ ನಿಯಮದಂತೆ "ಯಾಕೆ ವಾಪಸ್?" ಎಂದು ಕೇಳಬೇಕು. ಬೆಳಿಗ್ಗೆ "ಬೇಗ ಕೊಡಿ ಮೇಡಂ, ಅಪ್ಪ ಕಾಯ್ತಿದ್ದಾರೆ" ಎಂದು ಓಡಿದ ಮಗನೇ ಸಂಜೆ ಅದೇ ಡಬ್ಬಿ ಹಿಡಿದು ನಿಂತಿರುತ್ತಾನೆ. ಅವನ ಮುಖ ನೋಡಿಕೊಂಡು ಆ ಪ್ರಶ್ನೆ ಕೇಳುವುದು ಹೇಗೆ ಎಂಬುದಕ್ಕೆ ನಿಮ್ಮಲ್ಲಿ ಸುತ್ತೋಲೆ ಏನಾದರೂ ಇದೆಯೇ?

ನೋಟಿಸ್ ಪಡೆದವಳನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಚೀಟಿಯನ್ನು ಬೆಳಕಿಗೆ ಹಿಡಿದು, "ಇದನ್ನ ಬರೆದಿದ್ದು ಡಾಕ್ಟರೋ, ಕೋಳಿಯೋ?" ಎಂದು ಇಡೀ ಸಾಲನ್ನೇ ನಗಿಸುತ್ತಿದ್ದವಳು. ಆ ದಿನ ಒಬ್ಬ ಪುಟ್ಟ ಹುಡುಗಿ ಇಂಜೆಕ್ಷನ್ ಡಬ್ಬಿ ತಂದಳು. ಅಕ್ಕ ಅಭ್ಯಾಸಬಲದಿಂದ "ಯಾಕೆ ವಾಪಸ್?" ಎಂದು ಕೇಳಿಬಿಟ್ಟಳು. "ಅಮ್ಮಂಗೆ ಇನ್ನು ಬೇಡ್ವಂತೆ ಆಂಟಿ" ಎಂದಿತು ಮಗು. ಅಕ್ಕ ಕಿಟಕಿ ಎಳೆದು ಮುಚ್ಚಿ, ಔಷಧಿಯ ಫ್ರಿಜ್ಜಿಗೆ ಹಣೆ ಆನಿಸಿ ನಿಂತುಬಿಟ್ಟಳು. ಹೊರಗೆ ಜನ ಬೈಯುತ್ತಿದ್ದರು. ಅವಳ ಬೆನ್ನು ಸವರುವುದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ.

ಮರುದಿನದಿಂದ ಅಕ್ಕ ಕೆಲಸಕ್ಕೆ ಬರಲಿಲ್ಲ. ಸಿಬ್ಬಂದಿಯ ಮನಸ್ಸಿನ ನೋವು ಕೇಳಲೆಂದು ನೀವು ತೆರೆದ ಸಹಾಯವಾಣಿಗೆ ಅವಳಿಗಾಗಿ ಫೋನ್ ಮಾಡಿದೆ. "ಡಾಕ್ಟರಾ, ನರ್ಸಾ?" ಎಂದರು. "ಫಾರ್ಮಸಿಸ್ಟ್" ಎಂದೆ. "ಓ, ಮೆಡಿಕಲ್ ಶಾಪಿನವರಾ? ಇದು ಆಸ್ಪತ್ರೆ ಸಿಬ್ಬಂದಿಗೆ ಮಾತ್ರ ಮೇಡಂ." ನಾನು ಆಸ್ಪತ್ರೆಯೊಳಗಿಂದಲೇ ಮಾತನಾಡುತ್ತಿದ್ದೆ! ನೋಟಿಸ್ ಕೊಡುವಾಗ ನಾವು ಸಿಬ್ಬಂದಿ, ಕಷ್ಟ ಹೇಳಿಕೊಳ್ಳುವಾಗ ಅಂಗಡಿಯವರು. ತಮ್ಮ ಜಾಣತನಕ್ಕೆ ಕೈಮುಗಿಯಬೇಕು.

ಮೊನ್ನೆ ಅಕ್ಕನ ಗಂಡ ಕಿಟಕಿಗೆ ಬಂದರು. ನಿದ್ದೆ ಬರಲೆಂದು ಡಾಕ್ಟರು ಅವಳಿಗೆ ಬರೆದಿದ್ದ, ನಾನೇ ಕೊಟ್ಟಿದ್ದ ಮಾತ್ರೆಗಳನ್ನು ಒಳಗೆ ತಳ್ಳಿ, "ಇದನ್ನ ವಾಪಸ್ ತಗೋತೀಯೇನಮ್ಮ?" ಎಂದರು. ಯಾಕೆ ವಾಪಸ್ ಎಂದು ಕೇಳುವ ಬದಲು ಮಾತ್ರೆಗಳನ್ನು ಎಣಿಸತೊಡಗಿದೆ. ನನ್ನ ಮುಖ ನೋಡಿ ಅವರೇ ಗಾಬರಿಯಾದರು.

"ಇದ್ದಾಳಮ್ಮ, ಇದ್ದಾಳೆ. ಮಾತ್ರೆ ಬೇಡ್ವಂತೆ. ಯಾರಾದ್ರೂ ಬಂದು ಪಕ್ಕದಲ್ಲಿ ಕೂತು ಮಾತಾಡ್ಲಿ ಅಂತಾಳೆ."

ನಾನೇ ಹೋಗಿ ಕೂರಬಹುದಿತ್ತು. ಆದರೆ ನಮ್ಮ ರಜೆಗಳನ್ನೆಲ್ಲ ರದ್ದು ಮಾಡಿದ್ದೀರಿ, ಕಿಟಕಿಯಲ್ಲಿ ಈಗ ನಾನೊಬ್ಬಳೇ. ಹೋದರೂ ಏನು ಹೇಳಲಿ? ನನಗೇ ದಿಕ್ಕು ತೋಚುತ್ತಿಲ್ಲ.

ಆ ನೋಟಿಸನ್ನು ಹಿಂಪಡೆಯಿರಿ. ಅಕ್ಕನ ಮನೆಗೆ, ಅವಳ ಮಾತು ಕೇಳುವ ಒಬ್ಬರನ್ನು ಕಳಿಸಿ. ಅದೂ ಆಗದಿದ್ದರೆ, ನಮ್ಮನ್ನು ಯೋಧರೆಂದು ಹೊಗಳಿ ನೀವು ಎಲ್ಲರಿಗೂ ಒಂದೇ ಒಕ್ಕಣೆಯಲ್ಲಿ ಕಳಿಸಿದ ಪ್ರಶಂಸಾಪತ್ರದಲ್ಲಿ ನನ್ನ ಪಾಲಿನದು, ನಿಮಗೆ ಕಳಿಸಿದ ಈ ಪತ್ರದ ಪ್ರತಿಯ ಜೊತೆಗಿದೆ, ವಾಪಸ್ ತೆಗೆದುಕೊಳ್ಳಿ. ಅದರ ಲಕೋಟೆಯ ಸೀಲ್ ಒಡೆದಿಲ್ಲ. ಯಾಕೆ ವಾಪಸ್ ಎಂದು, ನಿಯಮಕ್ಕಾದರೂ, ನೀವೂ ಒಮ್ಮೆ ಕೇಳಿ.

ಇಂತಿ,
ಕಿಟಕಿ ಮುಚ್ಚಲು ಇನ್ನೂ ಧೈರ್ಯ ಸಾಲದ
ಒಬ್ಬ ಫಾರ್ಮಸಿಸ್ಟ್