ಜಗಲಿ ತುಂಬ ರಾಗಿ

ಚಿಕ್ಕಗುಂಡ್ಲಹಳ್ಳಿ, ತಾಯಲೂರು ಹೋಬಳಿ
6 ಜೂನ್ 2025, ಶುಕ್ರವಾರ

ಪ್ರೀತಿಯ ಅಣ್ಣಾ,

ನಿನ್ನ ಸೊಂಟದ ನೋವು ಹೇಗಿದೆ? ಕೋಲಾರದ ಮಂಡಿಯಲ್ಲಿ ಟೊಮೆಟೊ ಕ್ರೇಟು ಎತ್ತುವುದನ್ನು ಸ್ವಲ್ಪ ದಿನ ಬಿಡು ಅನ್ನುತ್ತಾಳೆ ಅಮ್ಮ. ಅತ್ತಿಗೆಯ ಕೆಮ್ಮು ನಿಂತಿತೇ? ಇಲ್ಲಿ ನಿನ್ನ ಮಗಳು ಧನ್ವಿ ಚೆನ್ನಾಗಿದ್ದಾಳೆ, ಅಜ್ಜಿಯ ಸೆರಗು ಹಿಡಿದುಕೊಂಡೇ ಮಲಗುತ್ತಾಳೆ. ಫೋನಿನಲ್ಲಿ ಸ್ಕೂಲಿನ ಮಾತೆತ್ತಿದರೆ 'ಭಾಷಣ ಶುರು ಮಾಡ್ಬೇಡ ಕಣೇ' ಎಂದು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲಾಗದು. ಅದಕ್ಕೇ ಬರೆದು ಉಮೇಶನ ಟೊಮೆಟೊ ಗಾಡಿಯಲ್ಲಿ ಕಳಿಸುತ್ತಿದ್ದೇನೆ.

ನಮ್ಮ ಇಂಗ್ಲಿಷ್ ಸ್ಕೂಲಿನ ರಾಗಿ ದಿನ ನಿನ್ನೆ ಆಯಿತು. ತಾತ ಹೇಳುತ್ತಿದ್ದುದು ನಿನಗೂ ನೆನಪಿರಬೇಕು. ಮುಳಬಾಗಿಲಿನಿಂದ ನಡೆದು ಬಂದ ಒಬ್ಬ ಮೇಷ್ಟ್ರು ಕೂಲಿಯವರ ಮಕ್ಕಳಿಗೂ ಇಂಗ್ಲಿಷ್ ಕಲಿಸುತ್ತೇನೆ ಎಂದಾಗ ಊರಲ್ಲಿ ಸ್ಲೇಟೇ ಇರಲಿಲ್ಲವಂತೆ. ಮನೆಗೊಂದು ಬೊಗಸೆ ರಾಗಿ ತಂದು ಸ್ಕೂಲಿನ ಜಗಲಿಯ ಮೇಲೆ ಹರಡಿದರು, ಮಕ್ಕಳು ಅದರಲ್ಲಿ ಬೆರಳಿಂದ ಮೊದಲ ಅಕ್ಷರ ಬರೆದರು. ಆಮೇಲೆ ಅದನ್ನೇ ಬೀಸಿ ಮುದ್ದೆ ಮಾಡಿ, ಊರೂ ಕೇರಿಯೂ ಮೊದಲ ಸಲ ಒಂದೇ ಸಾಲಿನಲ್ಲಿ ಕೂತು ಉಂಡವು. ಸರ್ಕಾರ ವಹಿಸಿಕೊಂಡು ಕನ್ನಡ ಮಾಧ್ಯಮ ಮಾಡಿದ ಮೇಲೂ ಇಂಗ್ಲಿಷ್ ಸ್ಕೂಲು ಎಂಬ ಹೆಸರು ಉಳಿಯಿತು, ರಾಗಿಯೂ ಉಳಿಯಿತು. ನೀನು ಅಕ್ಷರ ಬರೆಯುವ ಬದಲು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಏಟು ತಿಂದದ್ದನ್ನು ಹೇಳಿ ಅಮ್ಮ ಈಗಲೂ ನಗುತ್ತಾಳೆ.

ಮಕ್ಕಳನ್ನು ನಮ್ಮ ಸ್ಕೂಲಿಗೇ ಸೇರಿಸಿ ಎಂಬ ಕರಪತ್ರ ಹಿಡಿದು ಬೇಸಿಗೆಯಿಡೀ ನಾನು ಮನೆಮನೆ ತಿರುಗಿದ್ದೆ. ನಿನ್ನೆ ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ. ಆದರೆ ಒಂದು ಮನೆಯೂ ತಪ್ಪಲಿಲ್ಲ. ನೀನು ಫೋನಿನಲ್ಲಿ ಹೇಳಿದಂತೆ ನಿನ್ನ ಹೆಸರಲ್ಲೂ ಎರಡು ಸೇರು ಹಾಕಿದೆ. ಜಗಲಿ ತುಂಬಿತು. ಅಷ್ಟರಲ್ಲಿ ಮುಳಬಾಗಿಲಿನ ಕಾನ್ವೆಂಟ್ ವ್ಯಾನು ಬಂದು ಹಾರ್ನ್ ಹೊಡೆಯಿತು. ಮೊರ ಹಿಡಿದ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಳಗಿದ್ದ ಮಕ್ಕಳು ತಮ್ಮ ತಮ್ಮ ಅಜ್ಜಿಯರಿಗೆ ಕೈಬೀಸಿದವು. ಧನ್ವಿ ಕಿಟಕಿಯಿಂದ, 'ಅತ್ತೇ, ನಂಗೂ ಮುದ್ದೆ ಇಟ್ಟಿರು' ಅಂದಳು. ವ್ಯಾನು ಹೋಯಿತು. ಮೊದಲ ಅಕ್ಷರ ಬರೆಯಲು ಹೊಸದಾಗಿ ಸೇರಿದ ಒಂದು ಮಗುವೂ ಇರಲಿಲ್ಲ. ಬಿಸಿಯೂಟ ಮಾಡುವ ಭಾರತಮ್ಮ ನನ್ನ ಮುಖ ನೋಡಿ, 'ಇಷ್ಟು ರಾಗಿಗೆ ಒಂದು ಬೆರಳಾದ್ರೂ ಬೇಡ್ವೇನಮ್ಮಾ' ಅಂದಳು. ಹೆಡ್‌ಮಿಸ್ ಸುನಂದ ಮೇಡಂ ಸಮವಾಗಿದ್ದ ರಾಗಿಯನ್ನೇ ಮತ್ತೆ ಮತ್ತೆ ಸಮ ಮಾಡುತ್ತಿದ್ದರು. ಸೋಮವಾರದೊಳಗೆ ಒಂದನೇ ಕ್ಲಾಸಿಗೆ ಒಂದೇ ಒಂದು ಮಗು ಸೇರಿದರೂ ಇನ್ನೊಂದು ವರ್ಷ ಸ್ಕೂಲು ಉಳಿಯುತ್ತದಂತೆ. ಇಲ್ಲದಿದ್ದರೆ ಮೇಲಿನ ಕ್ಲಾಸಿನ ಮೂವರನ್ನು ತಾಯಲೂರಿಗೆ ಕಳಿಸಿ ಬೀಗ ಹಾಕುತ್ತಾರೆ.

ಆಮೇಲೆ ಎಲ್ಲರೂ ಸಾಲಾಗಿ ಕೂತು ಉಂಡರು. ಸೊಪ್ಪಿನ ಸಾರು ಚೆನ್ನಾಗಿದೆ ಅಂದರು. ಜನ ಒಂದಾದರೆ ಗೆಲ್ಲುತ್ತಾರೆ ಎಂದು ನನ್ನ ಸಂಘಟನೆಯ ಕಿರುಹೊತ್ತಿಗೆಗಳೆಲ್ಲ ಹೇಳುತ್ತವೆ. ನಿನ್ನೆ ಜನ ಒಂದಾಗಿಯೇ ಬಂದಿದ್ದರು ಅಣ್ಣ. ಒಂದಾಗಿ ಬಂದು ಸೋಲುವುದರ ಬಗ್ಗೆ ಅವುಗಳಲ್ಲಿ ಒಂದು ಸಾಲೂ ಇಲ್ಲ. ಧನ್ವಿಯನ್ನು ಕಾನ್ವೆಂಟಿಗೆ ಹಾಕುವಾಗ 'ಅವ್ಳು ನನ್ ತರ ಕ್ರೇಟು ಎತ್ಬಾರ್ದು' ಎಂದು ನೀನು ಹೇಳಿದ್ದಕ್ಕೂ ಅವುಗಳಲ್ಲಿ ಉತ್ತರ ಇಲ್ಲ. ನಮ್ಮ ಹಿರಿಯರೂ ಅದನ್ನೇ ಬಯಸಿ ಆ ಜಗಲಿ ಕಟ್ಟಿದ್ದು ಎಂದಷ್ಟೇ ಹೇಳಬಲ್ಲೆ.

ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೋ. ಅತ್ತಿಗೆಗೆ ನನ್ನ ನಮಸ್ಕಾರ. ಅಮ್ಮನ ಆಶೀರ್ವಾದ ನಿಮ್ಮಿಬ್ಬರಿಗೂ.

ನಿನ್ನ ತಂಗಿ,
ಶ್ವೇತ

ಮರೆಯುವ ಮುಂಚೆ: ಉಮೇಶ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಸೋಮವಾರ ಧನ್ವಿಯನ್ನು ವ್ಯಾನು ಹತ್ತಿಸದೆ ನಮ್ಮ ಸ್ಕೂಲಿನ ಒಂದನೇ ಕ್ಲಾಸಿಗೆ ಸೇರಿಸಲು ಅಮ್ಮ ಒಪ್ಪಿದ್ದಾಳೆ, ನೀನು ಹ್ಞೂ ಅಂದರೆ ಮಾತ್ರ. ಭಾರತಮ್ಮ ಧನ್ವಿಯ ಬೆರಳಿಗೆಂದು ಒಂದು ಮೊರ ರಾಗಿಯನ್ನು ಬೀಸದೆ ಎತ್ತಿಟ್ಟಿದ್ದಾಳೆ. ನೀನು ಹ್ಞೂ ಅನ್ನುವುದಿಲ್ಲ, ನನಗೆ ಗೊತ್ತು. ಹಾಗಾದರೆ 'ನನ್ನ ಹೆಸರಲ್ಲೂ ರಾಗಿ ಹಾಕು' ಎಂದು ಇನ್ನು ಮೇಲೆ ನನಗೆ ಫೋನ್ ಮಾಡಬೇಡ.