ಕಡಲಹೂವು ಮತ್ತು ಹಾಲು ಸೋಸುವ ಬಟ್ಟೆ

ದುರ್ಗಕ್ಕ,

ಇವತ್ತು ಏಕಾದಶಿ. ಮಗಳ ಮನೆಯಲ್ಲಿ ಅಂಗಳ ಸಾರಿಸಿ, ಪೂಜೆ ಮುಗಿಸಿದ್ದೆ. ಅಳಿಯ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಮೀನುಗಳ ಜೊತೆ ಸಾಕಿರುವ ಕಡಲಹೂವು, ಹೂವಿನ ಹಾಗೆ ಕಾಣುವ ಪ್ರಾಣಿ ಕಣೇ, ಕಲ್ಲು ಬಿಟ್ಟು ಪಂಪಿನ ಬಾಯಿಯತ್ತ ತೆವಳುತ್ತಿತ್ತು. ಅದು ಪಂಪಿಗೆ ಸಿಕ್ಕಿ ಚೂರಾದರೆ ಅದರ ವಿಷಕ್ಕೆ ಮೀನುಗಳೂ ಸಾಯುತ್ತವಂತೆ. ಸ್ವಿಚ್ ಆರಿಸಿ, ಕೈ ಮುಳುಗಿಸಿ, ಪಂಪಿನ ಬಾಯಿಗೆ ಹಾಲು ಸೋಸುವ ಬಟ್ಟೆ ಕಟ್ಟಿದೆ. ಕೆಂಪು ಮೀನೊಂದು ಹೂವಿನೊಳಗಿಂದ ಇಣುಕಿತು.

ಮಗಳು ನಕ್ಕಳು: "ಯವ್ವಾ, ಮಡಿಯಾಗ ಮೀನಿನ ನೀರಿಗೆ ಕೈ ಹಾಕೀಯಲ್ಲ!"

"ಜೀವ ಉಳಿಸಾಕ ಎಂಥಾ ಮಡಿ? ಸುಮ್ಕಿರು."

ಅಂದುಬಿಟ್ಟೆ. ಆಮೇಲೆ ನಮ್ಮ ಕಂಪ್ಲಿ ಮನೆಯ ಹೊಸ್ತಿಲು ನೆನಪಾಯಿತು. ಮೀನಿನ ಬುಟ್ಟಿ ಹೊತ್ತು ಬಂದು ನೀನು ಕುಡಿಯಲು ನೀರು ಕೇಳಿದ್ದೆ. ಅವತ್ತೂ ಏಕಾದಶಿ, ನಾನು ಬಾಗಿಲು ಹಾಕಿಕೊಂಡಿದ್ದೆ.

ಸತ್ತುಹೋದ ನಿನಗೆ ಕಾಗದ ಎಲ್ಲಿಗೆ ಹಾಕಲಿ? ನಮ್ಮೂರ ಹೊಳೆಗೇ ಬಿಡುತ್ತೇನೆ. ಹೊಳೆತಾಯಿ, ಅಕ್ಕನ ಉತ್ತರ ನೀನೇ ತಂದುಕೊಡು. ಬೈದಿದ್ದರೂ ತಾ.