ಬಳೆಗಳ ಆಂಟೆನಾ

ಅಕ್ಕಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಚೀಟಿ. ಇದನ್ನು ತಂದ ಡ್ರೈವರ್ ಜೀಪಿನೊಂದಿಗೆ ನಿನ್ನ ಬಾಗಿಲಲ್ಲೇ ಕಾಯುತ್ತಾನೆ.

ಗುಡ್ಡ ಜರಿಯುತ್ತಿದೆ ಎಂದು ನಾನು ಎರಡು ಸಲ ನಿಮ್ಮ ಬೀದಿಯನ್ನೇ ಖಾಲಿ ಮಾಡಿಸಿದೆ. ಎರಡು ಸಲವೂ ಅದು ಕದಲಿರಲಿಲ್ಲ. "ನಿನ್ನ ಮಾತು ಕಟ್ಕೊಂಡು ಹಾಸಿಗೆ ಹಿಡಿದ ಅತ್ತೇನ ಶಾಲೆ ನೆಲದ ಮೇಲೆ ಮಲಗಿಸಿದ್ದು ಸಾಕು" ಅಂದೆಯಲ್ಲ, ಸರಿಯಾಗಿಯೇ ಅಂದೆ.

ತಪ್ಪು ನನ್ನದು. ಗುಡ್ಡದ ಅಳತೆಗೆಲ್ಲ ಆಧಾರ, ಎದುರಿನ ಬಂಡೆಯ ಮೇಲೆ ಉಪಗ್ರಹಗಳ ಸಂಕೇತ ಹಿಡಿಯುವ ಒಂದು ಆಂಟೆನಾ. ಅಲ್ಲಿ ಇಲ್ಲಿ ಬಡಿದು ಅಡ್ಡದಾರಿಯಲ್ಲಿ ಬರುವ ಸಂಕೇತ ತಡೆಯಲು ಸುತ್ತ ಲೋಹದ ಬಳೆಗಳಿರುವುದನ್ನೇ ತರಬೇಕಿತ್ತು. ಹೊತ್ತು ಹತ್ತಲು ಭಾರವೆಂದು ಹಗುರದ್ದನ್ನು ಆರಿಸಿದೆ. ಪಕ್ಕದ ತಗಡಿನ ಚಾವಣಿಗೆ ಬಡಿದು ಬಂದ ಸಂಕೇತವನ್ನೂ ಅದು ನಂಬಿತು, ಅದನ್ನು ನಾನು ನಂಬಿದೆ.

ಹೋದ ವಾರ ಬಳೆಗಳದ್ದನ್ನು ನಾನೇ ಹೊತ್ತು ಕೂರಿಸಿದೆ, ತಗಡು ಕೀಳಿಸಿದೆ. ಈಗ ಅಳತೆಯಲ್ಲಿ ಸುಳ್ಳಿಲ್ಲ. ಗುಡ್ಡ ದಿನಕ್ಕೊಂದು ಬೆರಳಗಲ ನಿನ್ನ ಹಿತ್ತಲಿನತ್ತ ಇಳಿಯುತ್ತಿದೆ. ನಮ್ಮ ಆಫೀಸಿನ ಸಾಹೇಬರು, "ಮತ್ತೆ ನಗೆಪಾಟಲಾಗೋದು ಬೇಡ, ಒಂದು ವಾರ ನೋಡೋಣ" ಅನ್ನುತ್ತಾರೆ.

ಒಂದು ವಾರ ಇಲ್ಲ ಅಕ್ಕಾ.

ಅತ್ತೆಯ ಔಷಧಿ, ನಿನ್ನ ಕನ್ನಡಕ ತೆಗೆದುಕೋ. ಬೀಗ ಹುಡುಕುತ್ತಾ ನಿಲ್ಲಬೇಡ. ಜೀಪು ಹತ್ತುವ ಮೊದಲು ಇಡೀ ಬೀದಿಗೆ ಕೇಳುವಂತೆ ನನ್ನನ್ನು ಬೈಯಿ, ಬಾಯಿಗೆ ಬಂದಂತೆ ಬೈಯಿ. ನನ್ನ ಮಾತು ಅಲ್ಲಿ ಯಾರೂ ನಂಬುವುದಿಲ್ಲ. ಇಷ್ಟು ಸಿಟ್ಟಿರುವ ನೀನೇ ಹೊರಟೆಯೆಂದರೆ, ಅವರೂ ಹೊರಟಾರು.

ನಿನ್ನ ತಮ್ಮ